ಭಾವನ ಕಾರಿನ ಹಳದಿ ನೀರು

ಕಾರಿನ ರೇಡಿಯೇಟರಿನೊಳಗೆ ಏನಿರುತ್ತದೆ ಎಂಬುದು ನಲವತ್ತಾರು ವರ್ಷ ನನಗೆ ಗೊತ್ತಿರಲಿಲ್ಲ. ಗೊತ್ತಾಗದೆಯೇ ಹೋಗಿದ್ದರೂ ನಷ್ಟವೇನಿರಲಿಲ್ಲ. ಈಗ ಅಡುಗೆಮನೆಯಲ್ಲಿ ಸಾರಿಗೆ ಅರಿಶಿನ ಹಾಕುವಾಗ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಉಸಿರು ಬಿಗಿಹಿಡಿಯುತ್ತೇನೆ. ಅದು ತಾನಾಗಿಯೇ ಆಗುತ್ತದೆ, ನಾನು ಬೇಕೆಂದು ಮಾಡುವುದಲ್ಲ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಮನೆ ಕೊಳ್ಳೇಗಾಲದಲ್ಲಿ, ಶಾಲೆ ರಾಮಾಪುರದಿಂದಾಚೆ, ಕಾಡಂಚಿನ ಒಂದು ಊರಿನಲ್ಲಿ. ಹತ್ತು ವರ್ಷ ಬಸ್ಸಿನಲ್ಲೇ ಓಡಾಡಿದೆ. ಕೊಳ್ಳೇಗಾಲದಲ್ಲಿ ಬೆಟ್ಟದ ದೇವಸ್ಥಾನಕ್ಕೆ ಹೋಗುವ ಬಸ್ಸು ಹತ್ತಿದರೆ ಹನೂರಿನವರೆಗೆ ನಿಂತೇ ಹೋಗಬೇಕು. ಹನೂರಿನಲ್ಲಿ ಇಳಿದು ರಾಮಾಪುರದ ಬಸ್ಸಿಗೆ ಕಾಯಬೇಕು. ರಾಮಾಪುರದಲ್ಲಿ ಯಾರ ಬೈಕಿಗೋ ಆಟೋಗೋ ಕೈ ಒಡ್ಡಬೇಕು. ಮಂಡಿನೋವು ಶುರುವಾದ ಮೇಲೆ ಹಟ ಹಿಡಿದು ಕಾರು ಓಡಿಸಲು ಕಲಿತೆ. ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಮಾಡುವ ನನ್ನ ಗಂಡ, "ಈ ವಯಸ್ಸಲ್ಲಿ ಬೇಕಾ ನಿಂಗೆ?" ಎಂದು ಒಂದೇ ಒಂದು ಸಲ ಕೇಳಿ ಸುಮ್ಮನಾದರು.

ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ಯಳಂದೂರಿನ ಹತ್ತಿರದ ಹೊನ್ನೂರಿನಲ್ಲಿದ್ದಾರೆ. ಗದ್ದೆ, ಕಬ್ಬು, ತೆಂಗು, ಮೇಲಿನ ಹೊಲದಲ್ಲಿ ಒಂದಿಷ್ಟು ಅರಿಶಿನ. ಊರಿನಲ್ಲಿ ಜಗಳವಾದರೆ ಅವರ ಜಗಲಿಗೇ ಬರುತ್ತದೆ. ಬೆಳಿಗ್ಗೆ ಸ್ನಾನ, ಪೂಜೆ ಮುಗಿದು ಹಣೆಯ ತುಂಬ ವಿಭೂತಿ ಬೀಳುವವರೆಗೆ ಒಂದು ಗುಟುಕು ನೀರನ್ನೂ ಕುಡಿಯುವವರಲ್ಲ. ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುವುದು ಶುರುವಾದ ಮೇಲೆ ಅವರ ಮನೆಯಲ್ಲಿ ನನಗೊಂದು ಹೊಸ ಕಟ್ಟಲೆ ಬಂತು. ಒಂದನೇ ತರಗತಿಯ ಮಕ್ಕಳಿಗೆ ಮೊಟ್ಟೆ ಸುಲಿದುಕೊಡುವವಳು ನಾನೇ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಅಂದಿನಿಂದ ಹೊನ್ನೂರಿಗೆ ಹೋದರೆ ನಾನು ಮೊದಲು ಹಿತ್ತಲಿನ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಆಮೇಲೆ ಒಳಗೆ ಕಾಲಿಡಬೇಕು. ನನಗೆಂದೇ ಒಂದು ತಟ್ಟೆ, ಒಂದು ಲೋಟ ಬೇರೆ. ಮೊಟ್ಟೆ ಎಂಬ ಮಾತನ್ನೂ ಭಾವ ಬಾಯಲ್ಲಿ ಆಡುವುದಿಲ್ಲ. "ಆ ಪದಾರ್ಥ" ಎನ್ನುತ್ತಾರೆ.

ನಿಜ ಹೇಳಬೇಕೆಂದರೆ ಈ ಕಟ್ಟಲೆಗೆ ನಾನು ಎದುರಾಡಿರಲಿಲ್ಲ. ಹುಟ್ಟಿದಾಗಿನಿಂದ ಮೊಟ್ಟೆ ತಿಂದವಳಲ್ಲ ನಾನು. ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸುವಾಗ ಏಳುವ ಬಿಸಿ ವಾಸನೆಗೆ ಬಾಯಲ್ಲೇ ಉಸಿರಾಡುತ್ತೇನೆ. ಆದರೆ ಆ ಮಕ್ಕಳು ಅದನ್ನು ತಿನ್ನುವುದನ್ನು ನೋಡಬೇಕು. ಹಳದಿಯನ್ನು ಕೊನೆಗೆ ಉಳಿಸಿಕೊಂಡು ಇಷ್ಟಿಷ್ಟೇ ನಾಲಗೆಯ ಮೇಲಿಟ್ಟುಕೊಳ್ಳುತ್ತಾರೆ. ಅದನ್ನು ನೋಡುತ್ತ ಸುಲಿಯುತ್ತೇನೆ, ಆಮೇಲೆ ನಿಂಬೆಹೋಳಿನಿಂದ ಕೈ ಉಜ್ಜಿಕೊಳ್ಳುತ್ತೇನೆ. ಭಾವನ ಮನೆಯ ಬಚ್ಚಲಲ್ಲಿ ತಲೆಯ ಮೇಲೆ ನೀರು ಹೊಯ್ದುಕೊಳ್ಳುವಾಗ ಒಳಗೊಳಗೇ ಅವಮಾನವಾಗುತ್ತಿತ್ತು. ಆದರೆ ಇರಬಹುದೇನೋ, ನನ್ನ ಕೈ ನಾರುತ್ತಿರಬಹುದೇನೋ ಎಂದೂ ಅನ್ನಿಸುತ್ತಿತ್ತು.

ಯುಗಾದಿಯ ಹೊತ್ತಿಗೆ ಭಾವ ಹೊಸ ಕಾರು ತೆಗೆದುಕೊಂಡರು. ಹಳೆಯದನ್ನು ನಮಗೆ ಕೊಟ್ಟರು. ಪುಕ್ಕಟೆಯಾಗಿ ಅಲ್ಲ, ಆ ಮಾತು ಬೇಡ.

"ಯಾವನಿಗೋ ಯಾಕವ್ವ ಮಾರದು? ಮನ ಗಾಡಿ ಮನಲೇ ಇರ್ಲಿ," ಎಂದರು. "ಒಂದಿನಾನೂ ಕೈ ಕೊಟ್ಟಿಲ್ಲ ಕಣವ್ವ. ಸಿವರಾತ್ರಿಲಿ ಬೆಟ್ಟಕ್ಕೂ ಓಗಿ ಬಂದಿವಿ, ನಾನೇ ಓಡುಸ್ಕಂಡು."

ಬೇಸಿಗೆ ರಜೆಯಲ್ಲಿ ಕಾರು ಹೆಚ್ಚಾಗಿ ನಿಂತೇ ಇತ್ತು. ಶಾಲೆ ಶುರುವಾಗಿ ದಿನಾ ರಾಮಾಪುರದ ತನಕ ಓಡತೊಡಗಿದ ಮೇಲೆ, ಬೆಳಿಗ್ಗೆ ಕಾರು ತೆಗೆದ ಜಾಗದಲ್ಲಿ ನೆಲದ ಮೇಲೆ ಅಂಗೈಯಗಲ ಹಳದಿ ಕಲೆ ಕಾಣತೊಡಗಿತು. ಗಂಡ ಬಗ್ಗಿ ನೋಡಿ, "ಏಸಿ ನೀರು, ಎಲ್ಲ ಗಾಡಿಲೂ ಬೀಳುತ್ತೆ," ಎಂದರು. ಏಸಿ ನೀರು ಹಳದಿ ಯಾಕಿರುತ್ತದೆ ಎಂದು ಅವರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಕಾಲಿನ ಹೆಬ್ಬೆರಳಿನಿಂದ ಮುಟ್ಟಿದರೆ ಜಿಗುಟಾಗಿತ್ತು. ಬೀದಿಯ ಬೆಕ್ಕು ಅದನ್ನು ಮೂಸಿ ತಲೆ ಕೊಡವಿ ಹೋಯಿತು. ಪೆಟ್ರೋಲ್ ಬಂಕಿನವರು ನೀರು ಕಮ್ಮಿಯಿದೆ ಎಂದ ಮೇಲೆ, ಬಾನೆಟ್ಟಿನಡಿಯ ಪ್ಲಾಸ್ಟಿಕ್ ಡಬ್ಬಿಗೆ ದಿನಾ ಬೆಳಿಗ್ಗೆ ಒಂದು ಬಾಟಲಿ ನೀರು ತುಂಬಿಸುವುದು ನನಗೆ ಅಭ್ಯಾಸವಾಯಿತು.

ಜೂನ್ ಕೊನೆಯ ಒಂದು ಗುರುವಾರ ಕಾಮಗೆರೆ ದಾಟುವ ಹೊತ್ತಿಗೆ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿ ನಿಂತಿತು. ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು. ಪಕ್ಕಕ್ಕೆ ನಿಲ್ಲಿಸಿ ಇಳಿದೆ. ಮೊದಲು ಮೂಗಿಗೆ ಬಂದದ್ದು ತಳ ಹಿಡಿದ ಹುಳಿಯ ವಾಸನೆ. ಅದರ ಹಿಂದೆ ಇನ್ನೊಂದು ವಾಸನೆ ಇತ್ತು. ಅದು ಏನೆಂದು ಆಗ ತಿಳಿಯಲಿಲ್ಲ, ಆದರೆ ಸೆರಗು ತಾನಾಗಿ ಮೂಗಿಗೆ ಬಂತು.

ಬಾನೆಟ್ಟು ಎತ್ತಿ ಮುಚ್ಚಳಕ್ಕೆ ಕೈ ಹಾಕುವುದರಲ್ಲಿದ್ದೆ. ಪಕ್ಕದ ಹಿಪ್ಪುನೇರಳೆ ತೋಟದಲ್ಲಿ ನೀರು ಕಟ್ಟುತ್ತಿದ್ದ ರೈತರೊಬ್ಬರು ಅಲ್ಲಿಂದಲೇ ಕೂಗಿದರು.

"ಅಮ್ಮೋ! ಮುಟ್ಬ್ಯಾಡಿ ಮುಟ್ಬ್ಯಾಡಿ! ಮಕಕ್ಕ ಸಿಡೀತದ!"

ಅರ್ಧ ಗಂಟೆ ಕಾದೆವು. ಅವರೇ ಒಂದು ಗೋಣಿಚೀಲ ನೆನೆಸಿ ತಂದು, ಅದನ್ನು ಸುತ್ತಿ ಮುಚ್ಚಳ ತಿರುಗಿಸಿದರು. ಉಸ್ಸೆಂದು ಹಳದಿ ನೊರೆ ಉಕ್ಕಿತು. ಅವರ ಕೈಮೇಲೆ ಹರಿದು, ನನ್ನ ಸೀರೆಯ ನೆರಿಗೆಗೂ ಹಾರಿತು. ನೊರೆಯಲ್ಲಿ ಬಿಳಿಯ ಚೂರುಗಳಿದ್ದವು, ಒಡೆದ ಹಾಲಿನ ಹಾಗೆ.

"ಥೂ! ಏನ್ ಸತ್ತೋಗಿದ್ದದವ್ವ ಇದ್ರೊಳಗ?" ಎಂದು ಕೈ ಕೊಡವಿದರು. ಪಂಪಿನ ನೀರಿಗೆ ಹೋಗಿ ಮಣ್ಣು ಹಚ್ಚಿ ಉಜ್ಜಿದರು. ಬಂದು ಕೈ ಮೂಸಿ ನೋಡಿಕೊಂಡು, ಮತ್ತೆ ಹೋಗಿ ಉಜ್ಜಿದರು. ನನ್ನ ಮುಖ ಸುಟ್ಟುಹೋದ ಹಾಗಾಯಿತು. ಆದರೂ ಅವರೇ ಎರಡು ಬಿಂದಿಗೆ ನೀರು ತಂದು ತುಂಬಿಸಿ, ಎರಡು ಬಾಟಲಿ ಕೈಗೂ ಕೊಟ್ಟು, "ನಿಲ್ಲುಸ್ಕಂಡು ನಿಲ್ಲುಸ್ಕಂಡು ಕೊಳ್ಳೇಗಾಲಕ್ಕೇ ಓಗ್ಬುಡಿ. ಮುಂದಕ್ಕೋದ್ರ ಇಂಜಿನ್ ಓಯ್ತದ," ಎಂದರು. ಹೆಡ್‌ಮಾಸ್ಟರಿಗೆ ಫೋನು ಮಾಡಿ ರಜೆ ಹೇಳಿ, ಬಂದ ದಾರಿಗೇ ತಿರುಗಿದೆ. ಕೊಳ್ಳೇಗಾಲ ಮುಟ್ಟುವಷ್ಟರಲ್ಲಿ ನಾಲ್ಕು ಸಲ ನಿಲ್ಲಿಸಿದೆ. ಪ್ರತಿ ಸಲವೂ ಅದೇ ನೊರೆ, ಅದೇ ನಾತ.

ಕೊಳ್ಳೇಗಾಲದಲ್ಲಿ ರೇಡಿಯೇಟರ್ ಕೆಲಸವೊಂದನ್ನೇ ಮಾಡುವ ಮುದುಕರೊಬ್ಬರ ಶೆಡ್ಡು ಇದೆ. ಗಡಿ ಕಡೆಯವರು, ಕನ್ನಡದ ನಡುವೆ ತಮಿಳು ನುಸುಳುತ್ತಿರುತ್ತದೆ. ಮೊಣಕೈವರೆಗೂ ಹಳೆಯ ಸುಟ್ಟ ಕಲೆಗಳು. ಕಾರಿನ ಬಾನೆಟ್ಟು ಎತ್ತಿದ ಕೂಡಲೇ ಅವರು ಮುಖ ಪಕ್ಕಕ್ಕೆ ತಿರುಗಿಸಿದರು.

"ಎನ್ನಮ್ಮಾ ಇದು!" ಎಂದರು. ಆಮೇಲೆ ನನ್ನನ್ನು ನೋಡಿ, "ಮೇಡಮ್ಮೋರೆ, ಅಲ್ಲಿ ನೆಳ್ಳಲ್ಲಿ ಕೂತ್ಕಳಿ. ಇದು ನೋಡ ಅಂಗಿಲ್ಲ."

ಕೂತಿದ್ದರೆ ಚೆನ್ನಾಗಿತ್ತು. ನಾನು ನಿಂತೇ ನೋಡಿದೆ. ರೇಡಿಯೇಟರನ್ನು ಬಿಚ್ಚಿ ನೆಲದ ಮೇಲೆ ಒರಗಿಸಿದರು. ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ಅಂಚಿನ ತಗಡನ್ನು ಇಕ್ಕಳದಲ್ಲಿ ಒಂದೊಂದೇ ಬಿಡಿಸಿ, ಟ್ಯಾಂಕನ್ನು ಕಿತ್ತರು. ಒಳಗೆ ಸಾಲಾಗಿ ಸಣ್ಣ ಸಣ್ಣ ಕೊಳವೆಯ ಬಾಯಿಗಳು. ಅರ್ಧಕ್ಕರ್ಧ ಬಾಯಿಗಳನ್ನು ಹಳದಿ ಕೆಸರು ಮುಚ್ಚಿಬಿಟ್ಟಿತ್ತು.

"ಅರಿಸ್ನ," ಎಂದರು. "ತೂತು ಮುಚ್ಚಕ್ಕ ಆಕ್ತರ. ನೀರಲ್ಲಿ ಉಬ್ಬಿ ತೂತಲ್ಲಿ ಕುಂತ್ಕತದ. ಎಲ್ಡ್ ದಿನ ಸೋರಲ್ಲ, ಆಮೇಲ ರೇಡಿಯೇಟ್ರೇ ಕಟ್ಕತದ."

ಆಮೇಲೆ ಒಂದು ಕಂಬಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿ ಮೂಲೆಯಿಂದ ಏನನ್ನೋ ಎಳೆದರು. ಬೂದುಬಣ್ಣದ, ರಬ್ಬರಿನ ಹಾಗೆ ಜಗ್ಗುವ ಒಂದು ತುಂಡು ಹೊರಗೆ ಬಂತು. ಅದರ ಹಿಂದೆ ಇನ್ನೊಂದು. ಅಂಚುಗಳು ಕಪ್ಪಾಗಿ ಲೋಳೆ ಹಿಡಿದಿದ್ದವು. ಮುದುಕರು ಅದನ್ನು ಮೂಗಿನ ಹತ್ತಿರಕ್ಕೆ ಒಯ್ದರು. ಯಾಕೆ ಒಯ್ದರೋ, ಇಡೀ ಶೆಡ್ಡು ನಾರುತ್ತಿತ್ತು.

"ಮೊಟ್ಟೆ," ಎಂದರು.

"ಏನು?"

"ಮೊಟ್ಟೆ ಮೇಡಮ್ಮೋರೆ. ಒಂದಲ್ಲ, ಮೂರ್ನಾಕು ಒಡ್ದವ್ರೆ. ಬಿಸಿನೀರಿಗೆ ಬಿದ್ದೇಟ್ಗೆ ಬೆಂದು, ಓಗಿ ತೂತಲ್ಲಿ ಕೂತ್ಕತದ. ಘಾಟಿ ಅತ್ತೋರು ಮಾಡ್ತರ ಇಂಗ, ಬೆಟ್ಟ ಅತ್ತಿ ಇಳ್ಯಗಂಟ ತಡದ್ರ ಸಾಕು ಅಂತ. ಆಮೇಲ ಕೊಳೀತದ. ಯಾರ್ದು ಗಾಡಿ?"

"ನಮ್ಮ ಭಾವನೋರ್ದು," ಎಂದೆ. ಹಾಗೆಂದವಳೇ ಚರಂಡಿಯ ಕಡೆಗೆ ಓಡಿದೆ. ಬೆಳಿಗ್ಗೆ ತಿಂದ ಇಡ್ಲಿಯೆಲ್ಲ ಆಚೆ ಬಂತು. ಮುದುಕರು ಒಂದು ಲೋಟ ನೀರು ತಂದು ಕೊಟ್ಟರು. ಆ ಕೈಯಿಂದ ಇಸಿದುಕೊಂಡು ಕುಡಿಯಲಾಗದೆ ಬಾಯಿ ಮುಕ್ಕಳಿಸಿ ಉಗಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ಹಳೆಯದು ರಿಪೇರಿಗೆ ಬರುವಂತಿರಲಿಲ್ಲ. ಅಲ್ಯೂಮಿನಿಯಂ ಜಾಲರಿಯೇ ತೂತು ಬಿದ್ದು ಕಿಲುಬು ಹಿಡಿದಿತ್ತು. ಮಾರನೆಯ ಬೆಳಿಗ್ಗೆ ಹೊಸ ರೇಡಿಯೇಟರು ಮೈಸೂರಿನಿಂದ ಬಸ್ಸಿನ ಪಾರ್ಸೆಲಿನಲ್ಲಿ ಬಂತು. ಅದನ್ನು ಕೂರಿಸುವ ಮೊದಲು ಇಂಜಿನ್ನಿನೊಳಗಿನ ನೀರಿನ ದಾರಿಗಳನ್ನೆಲ್ಲ ತೊಳೆಯಬೇಕೆಂದರು ಮುದುಕರು. ನೀರು ತುಂಬಿಸುವುದು, ಇಂಜಿನ್ನು ಓಡಿಸುವುದು, ಬಸಿಯುವುದು. ಐದು ಸಲ ಬಸಿದರೂ ತಿಳಿನೀರಲ್ಲಿ ಒಂದೆರಡು ಬಿಳಿ ಎಳೆಗಳು ತೇಲಿ ಬರುತ್ತಿದ್ದವು. ಎಂಟನೆಯ ಸಲಕ್ಕೆ ತಿಳಿಯಾಯಿತು. ಆಮೇಲೆ ಹಸಿರು ಕೂಲೆಂಟು ಸುರಿದು ಮುಚ್ಚಳ ಹಾಕಿದರು.

ಸಂಜೆ ಕಾರು ಮನೆಗೆ ತಂದು ಗಂಡನಿಗೆ ಮೊಟ್ಟೆಯ ವಿಷಯ ಹೇಳಿದೆ.

"ಡ್ರೈವರು ಹಾಕಿರಬೇಕು," ಎಂದರು. "ಅಣ್ಣ ಮುಟ್ತಾನಾ ಅದನ್ನ?"

ಭಾವನ ಬಳಿ ಬಹಳ ವರ್ಷ ಡ್ರೈವರಾಗಿದ್ದವರು ಹೊನ್ನೂರಿನ ಕೊನೆಯ ಬೀದಿಯವರು. ಐವತ್ತರ ಆಸುಪಾಸು, ಮಾತು ಕಡಿಮೆ. ಶಿವರಾತ್ರಿಯ ಮೊದಲೇ ಅವರನ್ನು ಬಿಡಿಸಿದ್ದರೆಂದು ಕೇಳಿದ್ದೆ, ಕಾರಣ ಕೇಳಿರಲಿಲ್ಲ. ಗಂಡ ಹೇಳಿದ್ದನ್ನು ನಂಬಲು ನನಗೂ ಮನಸ್ಸಿತ್ತು. ನಂಬಿದರೆ ಎಲ್ಲರಿಗೂ ಸುಲಭ.

ಭಾನುವಾರ ಹೊನ್ನೂರಿಗೆ ಹೋದೆವು. ಜಗಲಿಯ ಮೇಲೆ ಭಾವ, ಪಕ್ಕದ ಮನೆಯ ಇಬ್ಬರು ಹಿರಿಯರು, ಮತ್ತೆ ಯಳಂದೂರಿನಲ್ಲಿ ಅಕ್ಕಿ ಮಿಲ್ಲು ನಡೆಸುವ ಭಾವನ ಸ್ನೇಹಿತರು ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ನಾನು ಮೆಟ್ಟಿಲು ಹತ್ತುವ ಮೊದಲೇ ಭಾವ ಹಿತ್ತಲ ಕಡೆ ಕೈ ತೋರಿಸಿದರು.

"ನೀರುಯ್ಕಂಡು ಒಳಕ್ಕೋಗವ್ವ. ಈ ವಾರವೂ ಆ ಪದಾರ್ಥ ಮುಟ್ಟಿದ್ದಿಯಲ್ಲ."

"ಮುಟ್ಟಿದೀನಿ ಭಾವ," ಎಂದೆ. "ಆ ಪದಾರ್ಥ ನೀವು ಕೊಟ್ಟ ಕಾರೊಳಗೂ ಇತ್ತು. ರೇಡಿಯೇಟರ್ ತುಂಬ."

ಸುಣ್ಣ ಸವರುತ್ತಿದ್ದ ಅವರ ಬೆರಳು ಎಲೆಯ ಮೇಲೆ ನಿಂತಿತು. ಬಹಳ ಹೊತ್ತಲ್ಲ, ಒಂದು ಉಸಿರಿನಷ್ಟು. ಮುಖದಲ್ಲಿ ಎಂಥ ಅಸಹ್ಯ ತಂದುಕೊಂಡರೆಂದರೆ ನನ್ನ ಅನುಮಾನವೇ ತಪ್ಪೇನೋ ಎನ್ನಿಸಿತು.

"ಸಿವಸಿವಾ! ಅದ್ಕೇ ಕಣವ್ವ ಆ ನನ್ಮಗನ್ನ ಬುಡುಸಿದ್ದು. ಗಾಡಿ ಕೆಡುಸ್ತನ ಅಂತ ಗೊತ್ತಿತ್ತು, ಇಂತ ಒಲ್ಸು ಕೆಲ್ಸ ಮಾಡವ್ನ ಅಂತ ಈಗ ಗೊತ್ತಾಯ್ತದ ನೋಡು. ಕುಲ ಕೆಡಸಕ್ಕೇ ಮಾಡವ್ನ. ನಾನು ಅದೇ ಗಾಡೀಲಿ ಬೆಟ್ಟಕ್ಕೋಗಿ ಬಂದ್ನಲ್ಲಾ!"

ಮಿಲ್ಲಿನವರು ತಲೆಯೆತ್ತಿದರು. "ಯಾರು, ಈಗ ನಮ್ ಟ್ರ್ಯಾಕ್ಟ್ರು ಓಡುಸ್ತಾವ್ನಲ್ಲ, ಅವ್ನಾ?"

"ಅವ್ನೇಯ. ಉಸಾರಾಗಿರಪ್ಪ."

ನಾನು ಹಿತ್ತಲಿಗೆ ಹೋದೆ. ಬಚ್ಚಲ ಬಾಗಿಲಲ್ಲಿ ನನ್ನ ಓರಗಿತ್ತಿ, ಭಾವನ ಹೆಂಡತಿ, ಬಿಸಿನೀರು ತೋಡಿಟ್ಟು ನಿಂತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಆ ಮನೆಗೆ ಬಂದು ಮೂವತ್ತು ವರ್ಷವಾದರೂ ಜಗಲಿಯ ಮೇಲೆ ಗಂಡಸರಿರುವಾಗ ತಲೆಬಾಗಿಲು ದಾಟಿದವರಲ್ಲ. ಜಗಲಿಯ ಮಾತು ಅವರಿಗೆ ಕೇಳಿಸಿತ್ತು.

"ಡ್ರೈವರಲ್ಲ ಕೂಸೇ," ಎಂದರು, ಚೊಂಬನ್ನು ನೋಡುತ್ತ.

"ಮತ್ತೆ?"

"ಅವ ಯೋಳ್ದ. ನೀರು ಸೋರ್ತದ, ರೇಡಿಯೇಟ್ರು ಬದುಲ್ಸಿ, ಇಷ್ಟು ಜನವ ಕೂರುಸ್ಕಂಡು ನಾ ಘಾಟಿ ಅತ್ಸಲ್ಲ ಅಂದ. ನನ್ಗೇ ಬುದ್ದಿ ಯೋಳ್ತಿಯಾ ಅಂತ ನಿಮ್ ಭಾವ ಅವತ್ತೇ ಬುಡುಸುದ್ರು. ಮಾರ್ನೇ ದಿನ ಯಳಂದೂರ್ಗೋಗಿ ಪೇಪರ್ನಲ್ಲಿ ಸುತ್ಕಂಡು ತಂದ್ರು. ಕೊಟ್ಗ ಇಂದ್ಗಡ ಗಾಡಿ ನಿಲ್ಲುಸ್ಕಂಡು ಅವ್ರೇ ಒಡುದ್ರು. ಮೊದ್ಲು ಅರಿಸ್ನ ಆಕಿದ್ರು, ನಿಲ್ನಿಲ್ಲ. ನಾನೇ ಅವ್ರ ಕೈಗ ನೀರುಯ್ದೆ. ಸಗಣಿ ಆಕಿ ಉಜ್ಜುದ್ರು, ಉಣಸೆಹಣ್ಣಾಕಿ ಉಜ್ಜುದ್ರು. ಆಮೇಲ ಪೂಜಗ ಕೂತ್ರು."

ಹೇಳಿ ಮುಗಿಸಿ ಚೊಂಬನ್ನು ನನ್ನ ಕೈಗೆ ಕೊಟ್ಟರು. "ಯಾರ್ಗೂ ಯೋಳ್ಬ್ಯಾಡ," ಎಂದು ಹೇಳಲಿಲ್ಲ. ನಾನು ಹೇಳುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಗೊತ್ತಿದ್ದ ಹಾಗೆಯೇ ಆಯಿತು. ನಾನು ತಲೆಗೆ ನೀರು ಹಾಕಿಕೊಂಡೆ. ಒಳಗೆ ಹೋದೆ. ನನ್ನ ತಟ್ಟೆಯಲ್ಲಿ ಉಂಡೆ. ಭಾವ ಎದುರಿಗೆ ಕೂತು, ಸಾರು ಕಲಸಿದ ಬೆರಳು ನೆಕ್ಕುತ್ತ, ಈ ಕಾಲದ ಜನಕ್ಕೆ ಮಡಿಯೂ ಇಲ್ಲ ಭಯವೂ ಇಲ್ಲ ಎಂದು ನನ್ನ ಗಂಡನಿಗೆ ಹೇಳುತ್ತಿದ್ದರು. ಆ ಬೆರಳುಗಳನ್ನು ನೋಡುತ್ತಲೇ ತಟ್ಟೆ ಖಾಲಿ ಮಾಡಿದೆ. ಹೊರಡುವಾಗ ನಮಸ್ಕಾರ ಮಾಡಿದೆ. ಅವರ ಪಾದ ಮುಟ್ಟಿದೆ.

ದಾರಿಯಲ್ಲಿ ಗಂಡನಿಗೆ ವಿಷಯ ತಿಳಿಸಿದೆ. ಅವರು ಕಿಟಕಿಯಾಚೆ ನೋಡುತ್ತ, "ಬಿಟ್ಟಾಕು. ಅಣ್ಣನ ಮರ್ಯಾದೆ ಪ್ರಶ್ನೆ. ಡ್ರೈವರಿಗೆ ಹೇಗೂ ಬೇರೆ ಕೆಲ್ಸ ಸಿಕ್ಕಿದೆಯಲ್ಲ," ಎಂದರು. ನಾನು ಬಿಟ್ಟುಹಾಕಿದೆ. ಮನೆಗೆ ಬಂದು ಸೋಪು ಹಾಕಿ ಕೈ ತೊಳೆದೆ. ಶೆಡ್ಡಿನ ಚರಂಡಿಯಲ್ಲಿ ಕಾರಿಕೊಂಡಾಗ ಆದ ಹೇಸಿಗೆ ಅಲ್ಲಿಗೇ ಕಳೆದಿತ್ತು. ಇದು ಹಾಗೆ ಆಚೆ ಬರುವಂಥದ್ದಾಗಿರಲಿಲ್ಲ.

ಎರಡು ವಾರ ಕಳೆಯಿತು. ಕಾರು ಚೆನ್ನಾಗಿ ಓಡುತ್ತಿತ್ತು. ಒಂದು ಸಂಜೆ ಶಾಲೆಯಿಂದ ವಾಪಸಾಗುವಾಗ ಹನೂರಿನಲ್ಲಿ ತರಕಾರಿಗೆಂದು ನಿಲ್ಲಿಸಿದೆ. ಟೊಮೆಟೊ ಕ್ರೇಟು ತುಂಬಿದ ಗೂಡ್ಸ್ ಆಟೋ ಒಂದರಿಂದ ಇಳಿದವರು ನನ್ನ ಕಾರಿನ ಹತ್ತಿರ ಬಂದು ನೆಲದ ಮೇಲೆ ಬಗ್ಗಿ ಅಡಿಯನ್ನು ನೋಡಿದರು. ಆಮೇಲೆ ನನ್ನನ್ನು ಗುರುತಿಸಿ ಎದ್ದು ನಿಂತರು. ಭಾವನ ಹಳೆಯ ಡ್ರೈವರು.

"ಸೋರ್ತಿಲ್ಲವಲ್ಲ ಮೇಡಮ್ಮೋರೆ. ಬದುಲ್ಸಿದ್ರಾ?"

"ಹೊಸದು ಹಾಕಿಸಿದೆ. ನೀವು ಟ್ರ್ಯಾಕ್ಟರ್ ಬಿಟ್ರಾ?"

"ಬುಡುಸುದ್ರು," ಎಂದರು. "ನಾನು ಗಾಡಿಗ ಮೊಟ್ಟ ಒಡದು ಆಕಿವ್ನಂತ. ಮಿಲ್ನೋರು ಯೋಳುದ್ರು, ನಿನ್ನ ನಂಬಿ ಟ್ರ್ಯಾಕ್ಟ್ರು ಕೊಡಕ್ಕಾಗಲ್ಲ ಅಂತ. ಊರಲ್ಲಿ ಯಾರೂ ಕರೀತಿಲ್ಲ. ಅದ್ಕ ಇಲ್ಲಿ ದಿನಗೂಲಿಗ ಓಡುಸ್ತಿವ್ನಿ."

ಹಾಕಿದ್ದು ಅವರಲ್ಲವೆಂದು ನನಗೆ ಗೊತ್ತು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು. ದನಿ ಏರಿರಲಿಲ್ಲ, ಆದರೆ ಮುಖ ಸೊಟ್ಟಗಾಗಿತ್ತು, ಬಾಯಲ್ಲಿ ಕಹಿ ಏನೋ ಸಿಕ್ಕಿದವರ ಹಾಗೆ.

"ಮೊಟ್ಟ ಅನ್ನದು ತಿನ್ನಕ್ಕಿರದು ಕಣವ್ವ. ನಮ್ಮನಲಿ ಬೇಯ್ಸುದ್ರ ಮೊಮ್ಮಕ್ಳು ದಾರ ಇಟ್ಟು ಕುಯ್ಕಂಡು ಅರ್ಧರ್ಧ ಅಂಚ್ಕತವ. ಅದ ತಕಂಡೋಗಿ ಕೊಳಕು ನೀರ್ಗ ಸುರೀತಿನಾ ನಾನು? ಥೂ! ಎಂತ ಮಾತಾಡ್ಬುಟ್ರು."

ಅಷ್ಟು ಹೇಳಿ ಆಟೋ ಹತ್ತಿ ಹೊರಟುಹೋದರು. ನಾನು ಏನೂ ಕೊಳ್ಳದೆ ಕಾರಿನಲ್ಲಿ ಕೂತೆ. ಜೀವಮಾನವೆಲ್ಲ ನಾನು ಮೊಟ್ಟೆಯನ್ನು ಕಂಡು ಹೇಸಿದ್ದೆ, ಭಾವ ಹೇಸಿದ ಹಾಗೆ ಮಾಡಿದ್ದರು. ಇವರ ಹೇಸಿಗೆ ಬೇರೆ ಜಾಗದಿಂದ ಬಂದಿತ್ತು. ಇವರ ಮನೆಯ ಅನ್ನ ಹೋದದ್ದು ನನ್ನ ಮಾತಿನಿಂದಲೇ. ಜಗಲಿಯ ಮುಂದೆ ನಿಂತು ಆ ವಿಷಯ ಎತ್ತಿದವಳು ನಾನು. ಎತ್ತಿದ ಮೇಲೆ ನಿಜ ತಿಳಿದೂ ಉಂಡು, ಕಾಲಿಗೆ ಬಿದ್ದು ಬಂದವಳೂ ನಾನೇ.

ಆ ಭಾನುವಾರ ಗಂಡನನ್ನು ಕರೆಯದೆ ಒಬ್ಬಳೇ ಹೊನ್ನೂರಿಗೆ ಹೋದೆ. ಜಗಲಿಯ ಮೇಲೆ ಅದೇ ನಾಲ್ವರು. ನಾನು ಹಿತ್ತಲಿಗೆ ಹೋಗಲಿಲ್ಲ. ಮೆಟ್ಟಿಲ ಕೆಳಗೇ ನಿಂತು ಮಿಲ್ಲಿನವರನ್ನು ನೋಡಿ ಹೇಳಿದೆ.

"ನಿಮ್ಮ ಟ್ರ್ಯಾಕ್ಟರ್ ಓಡಿಸ್ತಿದ್ದೋರು ರೇಡಿಯೇಟರಿಗೆ ಮೊಟ್ಟೆ ಹಾಕಿಲ್ಲ. ಅವರನ್ನ ಇಲ್ಲಿ ಕೆಲಸದಿಂದ ಬಿಡಿಸಿದ ಮಾರನೇ ದಿನ ಹಾಕಿರೋದು. ಹೊಸ ರೇಡಿಯೇಟರ್ ಹಾಕ್ಸಿ ಅಂದಿದ್ದಕ್ಕೇ ಅವರನ್ನ ಬಿಡಿಸಿದ್ದು."

ಶಾಲೆಯಲ್ಲಿ ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದೆ.

"ಮತ್ತ ಯಾರವ್ವ ಆಕಿದ್ದು?" ಎಂದರು ಮಿಲ್ಲಿನವರು.

ನಾನು ಭಾವನನ್ನು ನೋಡಿದೆ. ಅವರು ನಗುತ್ತಿದ್ದರು. "ಯೋಳವ್ವ, ಯೋಳು. ನಿಂಗ ಯಾರ್ ಯೋಳುದ್ರು, ಅದ್ನೂ ಯೋಳು."

ಅಕ್ಕನ ಹೆಸರು ಹೇಳುವಂತಿರಲಿಲ್ಲ. ಅವರು ಅದೇ ಮನೆಯಲ್ಲಿ ಬಾಳಬೇಕು. "ಮೆಕ್ಯಾನಿಕ್ ಹೇಳಿದ್ರು," ಎಂದು ಸುಳ್ಳು ಹೇಳಿದೆ. ಸುಳ್ಳೆಂದು ನನಗೇ ಕೇಳಿಸಿತು.

"ಕೊಳ್ಳೇಗಾಲದ ಮೆಕಾನಿಕ್ಕು ಒನ್ನೂರಿನ ವಿಸ್ಯ ಯೋಳ್ದ್ನಾ!" ಭಾವ ಉಳಿದವರತ್ತ ತಿರುಗಿ ಗಟ್ಟಿಯಾಗಿ ನಕ್ಕರು. ಹಿರಿಯರೊಬ್ಬರೂ ನಕ್ಕರು.

ಆಗ ತಲೆಬಾಗಿಲ ಹೊಸಿಲ ಈಚೆ ಅಕ್ಕ ಬಂದು ನಿಂತರು. ಕೈಯಲ್ಲಿ ಹಿಟ್ಟು ಮೆತ್ತಿಕೊಂಡಿತ್ತು, ರೊಟ್ಟಿ ತಟ್ಟುತ್ತಿದ್ದರೆಂದು ಕಾಣುತ್ತದೆ. ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳಲಿಲ್ಲ.

"ನಾನ್ ಯೋಳ್ದೆ," ಎಂದರು. "ಕೊಟ್ಗ ಇಂದ್ಗಡ ನೀವೇ ಒಡದ್ರಿ. ಕೈಗ ನೀರುಯ್ದೋಳು ನಾನು. ಆ ಬಡವ ಯಾಕ್ ಒತ್ಕಬೇಕು ಅದ?"

ಮಿಲ್ಲಿನವರು ತಮ್ಮ ಚಪ್ಪಲಿಗಳನ್ನು ಹುಡುಕುವವರ ಹಾಗೆ ನೆಲ ನೋಡುತ್ತಿದ್ದರು. ಭಾವ ಅಕ್ಕನಿಗೆ ಹೊಡೆಯುತ್ತಾರೇನೋ ಎಂದು ನಾನು ಒಂದು ಮೆಟ್ಟಿಲು ಹತ್ತಿದೆ. ಅವರು ಹೊಡೆಯಲಿಲ್ಲ, ಬೈಯಲೂ ಇಲ್ಲ. ಬಾಯಲ್ಲಿದ್ದ ಎಲೆಯಡಿಕೆಯನ್ನು ಅಂಗಳಕ್ಕೆ ಉಗಿದು, ಎದ್ದು, ನನ್ನ ಪಕ್ಕದಲ್ಲೇ ಇಳಿದು ಹಿತ್ತಲಿಗೆ ಹೋದರು. ಬಚ್ಚಲಿನಲ್ಲಿ ನೀರು ಹೊಯ್ದುಕೊಳ್ಳುವ ಸದ್ದು ಕೇಳಿಸಿತು. ಒಂದು ಚೊಂಬು, ಇನ್ನೊಂದು, ಮತ್ತೊಂದು. ಬಚ್ಚಲ ಒಲೆಯ ಹೊಗೆ ಕಾಣಲಿಲ್ಲ, ತಣ್ಣೀರೇ ಇರಬೇಕು.

ನನ್ನ ಗಂಡ ಎಂಟು ದಿನ ನನ್ನೊಂದಿಗೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಕಾಫಿ ಲೋಟ ಕೆಳಗಿಡುತ್ತ, "ಅತ್ತಿಗೆಗೆ ಏನೂ ಆಗಿಲ್ಲ ತಾನೇ?" ಎಂದು ಕೇಳಿದರು. ಮೊದಲ ದಿನವೇ ಕೇಳಬೇಕಾದ್ದನ್ನು ಅಂದು ಕೇಳಿದರು ಎಂದುಕೊಂಡೆ. ಇಲ್ಲ ಎಂದೆ.

ಮಿಲ್ಲಿನವರು ಡ್ರೈವರಿಗೆ ಹೇಳಿ ಕಳಿಸಿದರಂತೆ, ವಾಪಸು ಬಾ ಎಂದು. ಅವರು ಹೋಗಲಿಲ್ಲ. ಹನೂರಿನಲ್ಲಿ ಸಿಕ್ಕಾಗ ಯಾಕೆ ಎಂದು ಕೇಳಿದೆ. "ಇವತ್ತು ಮೊಟ್ಟ ಅಂದ್ರು, ನಾಳ ಡೀಸಲ್ ಅಂತರ. ಸವಾಸ ಬ್ಯಾಡ ಮೇಡಮ್ಮೋರೆ," ಎಂದರು. ನಾನು ಮಾತಾಡಿದ್ದಕ್ಕೆ ಉಪಕಾರವಾಯಿತು ಎಂದೇನೂ ಅನ್ನಲಿಲ್ಲ. ಅನ್ನಬೇಕಾದ ಅಗತ್ಯವೂ ಇರಲಿಲ್ಲ. ತಡವಾಗಿ ಆಡಿದ ಮಾತು ಅದು.

ಭಾವ ನನ್ನೊಂದಿಗೆ ಈಗಲೂ ಮಾತಾಡುವುದಿಲ್ಲ. ಹಬ್ಬಕ್ಕೆ ಕರೆಯುವುದಿಲ್ಲ. ಅಕ್ಕ ಮಾತ್ರ ಆಗಾಗ ಫೋನು ಮಾಡುತ್ತಾರೆ. ಮೊದಲೆಲ್ಲ ನಾನೇ ಮಾಡಬೇಕಾಗುತ್ತಿತ್ತು. ಅದಾಗಿ ಒಂದು ತಿಂಗಳಿಗೆ ಒಂದು ಮಧ್ಯಾಹ್ನ ಅವರ ಫೋನು ಬಂತು. ಭಾವ ಮನೆಗೆ ಪೂಜೆ ಮಾಡಿಸುವ ಅಯ್ಯನವರನ್ನು ಕರೆಸಿದ್ದರಂತೆ.

"ಯಾಕಕ್ಕಾ?"

"ಮನ ಸುದ್ದಿ ಮಾಡ್ಸಕ್ಕ ಕೂಸೇ. ಜಗಲಿಲಿ ಆಡಬಾರ್ದ ಮಾತು ಆಡ್ಬುಟ್ರು ಅಂತ."

ಭಾವ ಮಾಡಿದ್ದಕ್ಕಲ್ಲ, ನಾನೂ ಅಕ್ಕನೂ ಆಡಿದ್ದಕ್ಕೆ ಶುದ್ಧಿ. ನನಗೆ ಬಾಯಿ ತುಂಬ ಉಗುಳು ಬಂತು.

"ಜಗಲಿಗ ತೀರ್ಥ ಆಕುದ್ರು, ಒಸ ಗಾಡಿಗೂ ಆಕುದ್ರು," ಎಂದರು ಅಕ್ಕ. ಹಿಂದೆ ಎಲ್ಲೋ ಕರು ಕೂಗುತ್ತಿತ್ತು. "ನನ್ ಮ್ಯಾಲೂ ಎರಚಿಸುದ್ರು. ಮಕದ ಮ್ಯಾಲ. ನಾನು ಅವ್ರ ಮುಂದೇಯ ಸೆರಗು ತಕಂಡು ಒರಸ್ಕಂಬುಟ್ಟೆ."